ಹಿಟ್ಟು ನಾದಿದ ಕೈ: ಮಂಡಿಗೆಯಿಂದ ಪಿಜ್ಜಾದವರೆಗೆ

‘ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು’ ಎಂಬ ಮಾತನ್ನು ಕನ್ನಡಿಗರೆಲ್ಲ ಆಡುತ್ತಾರೆ. ಮಂಡಿಗೆಯನ್ನು ನಿಜವಾಗಿ ತಿಂದವರು ಮಾತ್ರ ಕಡಿಮೆ. ಬೆಳಗಾವಿಯಲ್ಲಿ ಅದಿನ್ನೂ ಸಿಗುತ್ತದೆ, ಮದುವೆಯ ಊಟದಲ್ಲಿ, ಮಿಠಾಯಿ ಅಂಗಡಿಗಳಲ್ಲಿ ಕುಂದಾದ ಪಕ್ಕದಲ್ಲಿ. ಇಲ್ಲಿಯ ಮರಾಠಿ ಮನೆಮಾತಿನವರು ಅದನ್ನು ಮಾಂಡೆ ಎನ್ನುತ್ತಾರೆ. ‘ಮನಾತ್ ಮಾಂಡೆ ಖಾಣೆ’ ಎಂಬ ಮಾತು ಅವರಲ್ಲೂ ಇದೇ ಅರ್ಥದಲ್ಲಿದೆ. ಗಡಿಯ ಎರಡು ಭಾಷೆಗಳು ಒಂದೇ ತಿನಿಸನ್ನು ಮನಸ್ಸಿನಲ್ಲಿ ತಿನ್ನುತ್ತಿದ್ದವು ಎಂದರೆ, ಅದು ಕೈಗೆ ಎಟುಕದವರು ಎರಡೂ ಕಡೆ ಬಹಳ ಜನ ಇದ್ದರು ಎಂದೇ ನಾನು ಓದಿಕೊಳ್ಳುತ್ತೇನೆ.

ಇತ್ತೀಚೆಗೆ ಬೆಳಗಾವಿಯ ಮಾಳಿಗೆಗಳ ಮೇಲೆ ಹೊಸದೊಂದು ಅಡುಗೆ ಶುರುವಾಗಿದೆ. ರವಿವಾರ ಸಂಜೆ ಶೇಗಡಿಗೆ ಇದ್ದಿಲು ತುಂಬಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು ಪಿಜ್ಜಾ ಸುಡುತ್ತಾರೆ. ಒಲೆ ಬೇಡ, ಓವನ್ ಬೇಡ. ‘ಇದೆಲ್ಲಾ ಪರದೇಶದ್ದು, ನಮ್ಮದಲ್ಲ’ ಎಂದು ಮೂಗು ಮುರಿಯುವ ಹಿರಿಯರು ಇದ್ದಾರೆ. ‘ತಿನ್ನುವುದರಲ್ಲಿ ನಮ್ಮದು ನಿಮ್ಮದು ಏನು ಬಂತು?’ ಎನ್ನುವ ಕಿರಿಯರೂ ಇದ್ದಾರೆ. ಬೆಳಗಾವಿಯ ದಂಡುಪೇಟೆಯ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಎರಡೂ ಮಾತು ಪೂರ್ತಿ ಸರಿ ಅನಿಸುವುದಿಲ್ಲ. ಕೆಂಡದ ಮೇಲೆ ಗೋಧಿ ಹಿಟ್ಟು ಬೇಯಿಸುವುದು ಈ ನೆಲಕ್ಕೆ ಹೊಸದಲ್ಲ. ಇಲ್ಲಿ ಜಗಳ ನಡೆದದ್ದು ಬೇರೆ ಪ್ರಶ್ನೆಯ ಮೇಲೆ: ಹಿಟ್ಟು ನಾದಿದ್ದು ಯಾರು?

*

ಮೊದಲು ಕೆಂಡದ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳಿದ್ದು 1126ರಿಂದ 1138ರವರೆಗೆ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವಿದೆ. ಅಲ್ಲಿ ಮಂಡಕ ಬರುತ್ತದೆ. ಗೋಧಿ ಹಿಟ್ಟನ್ನು ಮೆತ್ತಗೆ ನಾದಿ, ಕೈಯಿಂದಲೇ ತೆಳ್ಳಗೆ ಹರಡಿ, ಕಾದ ಮಣ್ಣಿನ ಪಾತ್ರೆಯ ಮೇಲೆ ಹಾಕಿ ಬೇಯಿಸುವ ತಿನಿಸು ಅದು. ಅದೇ ಹಿಟ್ಟಿನ ಉಂಡೆಯನ್ನು ನೇರವಾಗಿ ಕೆಂಡದ ಮೇಲೆ ಸುಟ್ಟರೆ ಅಂಗಾರಪೋಲಿಕೆ. ಪೋಲಿಕೆ ಎಂಬ ಶಬ್ದ ನಮ್ಮ ಹೋಳಿಗೆಗೆ, ಮರಾಠಿಯ ಪೋಳಿಗೆ ಹತ್ತಿರದ್ದು. ಮಂಡಕವೇ ಮಂಡಿಗೆ.

ಕನ್ನಡದ ಹಳೆಯ ಪಾಕಗ್ರಂಥಗಳಲ್ಲೂ ಈ ಬಳಗವಿದೆ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯವನ್ನು ಹಿಟ್ಟಿನ ಅಡುಗೆಗೇ ಮೀಸಲಿಟ್ಟು ಅದಕ್ಕೆ ಪಿಷ್ಟಪಾಕ ಎಂಬ ಹೆಸರು ಕೊಟ್ಟ. ಆಹಾರ ಚರಿತ್ರೆಕಾರ ಕೆ.ಟಿ. ಅಚಯ ಹಳಗನ್ನಡ, ನಡುಗನ್ನಡ ಸಾಹಿತ್ಯದಿಂದ ಹೆಕ್ಕಿದ ರೊಟ್ಟಿಗಳ ಪಟ್ಟಿಯಲ್ಲಿ ಉದುರು ರೊಟ್ಟಿ, ಚುಚ್ಚು ರೊಟ್ಟಿಗಳ ಜೊತೆ ಮುಚ್ಚಳ ರೊಟ್ಟಿ ಎಂಬುದೂ ಇದೆ. ಎರಡು ತಟ್ಟೆಗಳ ನಡುವೆ ಹಿಟ್ಟನ್ನಿಟ್ಟು, ಕೆಳಗೂ ಕೆಂಡ, ಮೇಲೂ ಕೆಂಡ ಹಾಕಿ ಬೇಯಿಸುವ ರೊಟ್ಟಿ.

ಇದನ್ನು ಓದಿದಾಗ ಗ್ರಿಲ್ ಪಿಜ್ಜಾದ ಗುಟ್ಟು ನನಗೆ ಅರ್ಥವಾಯಿತು. ಪಿಜ್ಜಾಕ್ಕೆ ಕೆಳಗಿನ ಕಾವಷ್ಟೇ ಸಾಲದು, ಮೇಲಿನಿಂದಲೂ ಕಾವು ಬೇಕು. ನೇಪಲ್ಸ್ ಊರಿನ ಕಟ್ಟಿಗೆ ಒಲೆಯಲ್ಲಿ ಗುಮ್ಮಟದಂಥ ಚಾವಣಿ ಆ ಕೆಲಸ ಮಾಡುತ್ತದೆ. ಅಲ್ಲಿಯ ಕಾವು 450 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಬೇಯಲು ಬೇಕಾದದ್ದು 60ರಿಂದ 90 ಸೆಕೆಂಡು. ಮನೆಯ ಶೇಗಡಿಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೇ ಒಂದು ಉಪಾಯ. ತಟ್ಟಿದ ಹಿಟ್ಟಿನ ಒಂದು ಮಗ್ಗುಲನ್ನು ಬರಿದಾಗಿಯೇ ಸುಡಬೇಕು, ಆಮೇಲೆ ತಿರುವಿ ಹಾಕಬೇಕು. ಬೆಂದ ಮಗ್ಗುಲು ಮೇಲೆ ಬಂದಾಗ ಅದರ ಮೇಲೆ ಟೊಮೆಟೊ, ಚೀಸ್ ಹರಡಿ, ಮೇಲೊಂದು ಬುಟ್ಟಿ ಬೋರಲು ಹಾಕಬೇಕು. ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ 1980ರಲ್ಲಿ ಶುರುವಾದ ‘ಅಲ್ ಫೋರ್ನೊ’ ಎಂಬ ಹೋಟೆಲು ಈ ಬಗೆಯನ್ನು ಜನಪ್ರಿಯ ಮಾಡಿತು. ಜೊಹಾನ್ ಕಿಲೀನ್, ಜಾರ್ಜ್ ಜರ್ಮನ್ ಎಂಬ ದಂಪತಿಯ ಹೋಟೆಲು ಅದು. ಬೋರಲು ಹಾಕಿದ ಬುಟ್ಟಿಯ ಮೇಲೆ ನಾಲ್ಕು ಕೆಂಡ ಇಟ್ಟರೆ ನಮ್ಮ ಮುಚ್ಚಳ ರೊಟ್ಟಿಯೇ.

ಇಟಲಿಯವರು ನಮ್ಮಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಗೋಧಿ ಎಲ್ಲಿ ಹೋದರೂ ಅದರ ಗುಣ ಒಂದೇ. ನೀರು ಹಾಕಿ ನಾದಿದರೆ ಅದರಲ್ಲಿರುವ ಗ್ಲೂಟೆನ್ ಜಾಲದಂತೆ ಹೆಣೆದುಕೊಳ್ಳುತ್ತದೆ. ಎಳೆದರೆ ಹಿಗ್ಗುತ್ತದೆ, ಹುಳಿ ಬಂದರೆ ಗಾಳಿಯನ್ನು ಹಿಡಿದಿಟ್ಟು ಉಬ್ಬುತ್ತದೆ. ನಮ್ಮ ಜೋಳಕ್ಕೆ ಈ ಗುಣವಿಲ್ಲ. ಅದನ್ನು ಬಡಿಯಬಹುದು, ಎಳೆಯಲಾಗದು. ಬೆಳಗಾವಿಯ ಪೂರ್ವಕ್ಕೆ ಜೋಳದ ಬಯಲು, ಪಶ್ಚಿಮದ ಖಾನಾಪುರದ ಕಡೆ ಭತ್ತದ ಗದ್ದೆ. ಎರಡೂ ಕಡೆ ಗೋಧಿ ಹಬ್ಬದ ಕಾಳು. ಹಬ್ಬದ ಕಾಳಿಗೆ ಹಬ್ಬದ ಕಟ್ಟುಪಾಡು ಬರುವುದು ಸಹಜ.

*

ಮಂಡಿಗೆ ಮಾಡುವುದನ್ನು ನೋಡಲು ನಾನು ಶಹಾಪುರದ ಒಂದು ಮನೆಗೆ ಹೋಗಿದ್ದೆ. ಮದುವೆಗೆ ಮಂಡಿಗೆ ಮಾಡಿಕೊಡುವ ಕಾಕು ಒಬ್ಬರು ಹಿಂದಿನ ದಿನವೇ ಹಿಟ್ಟು ನೆನೆಸಿದ್ದರು. ಕಣಕದೊಳಗೆ ಖೋವಾ, ಪಿಠಿಸಕ್ಕರೆ, ತುಪ್ಪ, ಏಲಕ್ಕಿಯ ಹೂರಣ ತುಂಬಿ ಲಟ್ಟಿಸಿದರು. ಆಮೇಲೆ ಅದನ್ನು ಎರಡೂ ಮುಂಗೈಗಳ ಮೇಲೆ ಹಾಕಿಕೊಂಡು ತಿರುಗಿಸುತ್ತ ತಿರುಗಿಸುತ್ತ ದೊಡ್ಡದು ಮಾಡಿದರು. ಕೈಯ ಬಳೆ ಆಚೆಯಿಂದ ಕಾಣುವಷ್ಟು ತೆಳ್ಳಗಾಯಿತು. ಉರಿಯ ಮೇಲೆ ಬೋರಲು ಹಾಕಿದ ಪಾತ್ರೆಯ ಬೆನ್ನಿಗೆ ಅದನ್ನು ಹೊದಿಸಿದರು. ಅರೆಗಳಿಗೆ ಅಷ್ಟೇ. ಬಿಸಿಯಾಗಿದ್ದಾಗಲೇ ಕರವಸ್ತ್ರದಂತೆ ಮಡಚಿದರು. ಆರಿದರೆ ಗರಿಗರಿ, ಮಡಚಲು ಬರುವುದಿಲ್ಲ.

‘ಮದಲ ಮಣ್ಣಿನ ಗಡಗೀನ ಇತ್ತು ತಮ್ಮಾ. ಈಗ ಕಬ್ಬಿಣದ್ದು. ಮಣ್ಣಿಂದರ ಖಾನಾಪುರದ್ದ ಆಗಬೇಕಿತ್ತು, ಬ್ಯಾರೇದು ಸೀಳತಿತ್ತು,’ ಎಂದರು ಕಾಕು.

ಖಾನಾಪುರದ ಮಣ್ಣಿನ ಮಾತು ಬಂದಾಗ ನಾನು ಸ್ವಲ್ಪ ನೆಟ್ಟಗೆ ಕೂತೆ. ನಾನು ಖಾನಾಪುರದ ಕುಂಬಾರರ ಮನೆಯ ಹುಡುಗ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮೂರನ್ನು ಹಾದು ಹೋಗುತ್ತಾಳೆ. ಆ ಸೀಮೆಯ ಜೇಡಿಮಣ್ಣಿನಿಂದ ಗಡಗಿ ಆಯಿತು, ಇಟ್ಟಿಗೆ ಆಯಿತು, ಹಂಚು ಆಯಿತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಮಾದರಿ ಪಶ್ಚಿಮಘಟ್ಟದ ಉದ್ದಕ್ಕೂ ಹಬ್ಬಿತು, ಖಾನಾಪುರಕ್ಕೂ ಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ನಮ್ಮೂರಲ್ಲೇ. ನಮ್ಮ ಕಡೆಯ ಕನ್ನಡದಲ್ಲಿ ಮನೆಯ ಮೇಲೆ ಹೊದಿಸುವುದೂ ಹಂಚು, ಒಲೆಯ ಮೇಲೆ ರೊಟ್ಟಿ ಬೇಯಿಸುವುದೂ ಹಂಚು.

ನನ್ನ ಅಜ್ಜ ಗಡಗಿ ಹೊತ್ತುಕೊಂಡು ಬೆಳಗಾವಿಯ ಪೇಟೆಗೆ ಬರುತ್ತಿದ್ದ, ಜೊತೆಗೆ ಆಯಿ. ದೊಡ್ಡ ಮನೆಗಳ ಮದುವೆಗೆ ಹೊಸ ಗಡಗಿ ಬೇಕೇ ಬೇಕು. ಮಣ್ಣಿನ ಪಾತ್ರೆಗೆ ಮೈಲಿಗೆ ತಟ್ಟಿದರೆ ತೊಳೆದು ಶುದ್ಧ ಮಾಡಲಾಗದು, ಒಡೆದು ಹಾಕಬೇಕು. ಆದ್ದರಿಂದ ಪ್ರತಿ ಸಲ ಹೊಸದು. ಕುಂಬಾರನ ಹೊಟ್ಟೆ ಹೊರೆದದ್ದು ಈ ಮಡಿಯೇ. ಆಯಿ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: ‘ಗಡಗಿ ಒಳಗ ಹೋಗತಿತ್ತು, ನಾವು ಕಟ್ಟಿ ಮ್ಯಾಲ ಕೂಡತಿದ್ವಿ.’ ಮಂಡಿಗೆ ಬೇಯುತ್ತಿದ್ದ ಗಡಗಿ ಮಾಡಿದವಳು ಮಂಡಿಗೆ ತಿಂದದ್ದು ಬಹಳ ತಡವಾಗಿ, ನನ್ನ ಅಪ್ಪ ಅಂಗಡಿಯಿಂದ ಕೊಂಡು ತಂದಾಗ.

ವಾರಕರಿ ಪರಂಪರೆಯಲ್ಲಿ ಮಂಡಿಗೆಯದೇ ಒಂದು ಕಥೆಯಿದೆ. ಹದಿಮೂರನೆಯ ಶತಮಾನದ ಸಂತ ಜ್ಞಾನೇಶ್ವರ ಮತ್ತು ಅವನ ಒಡಹುಟ್ಟಿದವರು ಸಂನ್ಯಾಸದಿಂದ ಮರಳಿ ಸಂಸಾರಕ್ಕೆ ಬಂದವನ ಮಕ್ಕಳೆಂದು ಬಹಿಷ್ಕೃತರು. ಒಂದು ದಿನ ಅಣ್ಣ ನಿವೃತ್ತಿಗೆ ಮಂಡಿಗೆ ತಿನ್ನುವ ಆಸೆಯಾಯಿತು. ತಂಗಿ ಮುಕ್ತಾಬಾಯಿ ಅದಕ್ಕೆ ಬೇಕಾದ ಮಣ್ಣಿನ ಪಾತ್ರೆ ತರಲು ಕುಂಬಾರಗೇರಿಗೆ ಹೊರಟಳು. ವಿಸೋಬಾ ಎಂಬ ಬ್ರಾಹ್ಮಣ ಅವಳಿಗಿಂತ ಮೊದಲೇ ಹೋಗಿ, ಆ ಹುಡುಗಿಗೆ ಯಾರೂ ಪಾತ್ರೆ ಕೊಡಕೂಡದು ಎಂದು ಕುಂಬಾರರಿಗೆ ತಾಕೀತು ಮಾಡಿದ. ಅವಳು ಬರಿಗೈಯಲ್ಲಿ ಅಳುತ್ತ ಮರಳಿದಳು. ಜ್ಞಾನೇಶ್ವರ ಯೋಗಾಗ್ನಿಯಿಂದ ತನ್ನ ಬೆನ್ನನ್ನೇ ಕಾಯಿಸಿಕೊಂಡ, ಅವಳು ಅದರ ಮೇಲೆ ಮಂಡಿಗೆ ಬೇಯಿಸಿದಳು. ಮರೆಯಲ್ಲಿ ನಿಂತು ನೋಡಿದ ವಿಸೋಬಾ ಓಡಿ ಬಂದು ಅವರ ಎಂಜಲನ್ನೇ ಪ್ರಸಾದವೆಂದು ತಿಂದ.

ಕೀರ್ತನಕಾರರು ಈ ಕಥೆಯನ್ನು ಪವಾಡವೆಂದು ಹೇಳುತ್ತಾರೆ. ಚರಿತ್ರೆಯ ವಿದ್ಯಾರ್ಥಿಗೆ ಅದರ ಮೊದಲರ್ಧವೇ ದೊಡ್ಡದು. ಬಹಿಷ್ಕಾರ ಜಾರಿಯಾಗುವುದು ದೇವಸ್ಥಾನದ ಬಾಗಿಲಲ್ಲಿ ಮಾತ್ರವಲ್ಲ. ಗೋಧಿ ಮನೆಯಲ್ಲಿರಬಹುದು, ಕಟ್ಟಿಗೆ ಕಾಡಿನಿಂದ ತರಬಹುದು, ಮಣ್ಣಿನ ಪಾತ್ರೆಯೊಂದು ಸಿಗದಂತೆ ಮಾಡಿದರೆ ಸಾಕು.

*

ಈಗ ಘಟ್ಟದ ಕೆಳಗಿನಿಂದ ಬಂದ ಗೋಧಿಯ ಕಥೆ. ಪೋರ್ಚುಗೀಜರು ಗೋವಾ ಹಿಡಿದದ್ದು 1510ರಲ್ಲಿ. ಅವರು ಪಾಂವ್ ಎನ್ನುತ್ತಿದ್ದ ಬ್ರೆಡ್ಡೇ ನಮ್ಮ ಬಾಯಲ್ಲಿ ಪಾವ್ ಆಯಿತು. ಯುರೋಪಿನ ಹುದುಗು ಇಲ್ಲಿ ಸಿಗಲಿಲ್ಲ, ಗೋವಾದ ಬೇಕರಿಯವರು ತೆಂಗಿನ ಶೇಂದಿ ಹಾಕಿ ಹಿಟ್ಟು ಉಬ್ಬಿಸಿದರು. ಅಲ್ಲಿ ಪಾವ್ ಮಾಡುವವನನ್ನು ಇಂದಿಗೂ ಪೊದೇರ್ ಎನ್ನುತ್ತಾರೆ.

ಗೋವಾಕ್ಕೂ ಬೆಳಗಾವಿಗೂ ನಡುವೆ ಇರುವುದು ಖಾನಾಪುರದ ಕಾಡು. ಈ ದಾರಿ ಹಳೆಯದು. ಗೋವೆಯ ಕದಂಬರಿಗೆ ಖಾನಾಪುರ ತಾಲ್ಲೂಕಿನ ಹಲಸಿ ಎರಡನೆಯ ರಾಜಧಾನಿಯಂತಿತ್ತು. ಕರಾವಳಿಯಿಂದ ಉಪ್ಪು, ತೆಂಗು ಮೇಲೆ ಬರುತ್ತಿದ್ದವು, ಬಯಲಿನ ಧಾನ್ಯ ಕೆಳಗೆ ಇಳಿಯುತ್ತಿತ್ತು. ಬ್ರಿಟಿಷರು 1818ರಲ್ಲಿ ಬೆಳಗಾವಿಯ ಕೋಟೆ ಹಿಡಿದು ಪಕ್ಕದಲ್ಲಿ ದಂಡು ಇಳಿಸಿದಾಗ ಈ ದಾರಿಗೆ ಹೊಸ ಗಿರಾಕಿ ಸಿಕ್ಕ. ಗೋರಾ ಸೈನಿಕನಿಗೆ ದಿನಕ್ಕೊಂದು ಪೌಂಡ್ ಬ್ರೆಡ್ ಕೊಡಬೇಕಿತ್ತು. ಜೋಳದ ರೊಟ್ಟಿಯ ಊರಿನಲ್ಲಿ ದಂಡಿಗೆಲ್ಲ ಬ್ರೆಡ್ ಸುಡುವ ಭಟ್ಟಿಗಳು ಬೇಕಾದವು. 1880ರ ದಶಕದ ಕೊನೆಗೆ ಲೋಂಡಾದ ಮೂಲಕ ಮರ್ಮಗೋವಾದವರೆಗೆ ರೈಲು ಹೋಯಿತು. ನಾವು ಇವತ್ತಿಗೂ ಕ್ಯಾಂಪ್ ಎಂದೇ ಕರೆಯುವ ಪ್ರದೇಶದಲ್ಲಿ ಬೇಕರಿ ಎಂಬ ಕಸುಬು ಬೇರು ಬಿಟ್ಟಿತು.

ಈ ಕಾಲದ ಬಗ್ಗೆ ಓದುವವರೆಲ್ಲ ಬೆಳಗಾವಿ ಗೆಜೆಟಿಯರ್ ತೆರೆಯುತ್ತಾರೆ. 1884ರಲ್ಲಿ ಅಚ್ಚಾದ ಆ ಸಂಪುಟದಲ್ಲಿ ಜನರ ವಿವರ ಜಾತಿಯಿಂದ ಜಾತಿಗೆ ಸಾಗುತ್ತದೆ. ಇವರ ಮನೆ ಹೀಗೆ, ಉಡುಪು ಹೀಗೆ, ಊಟ ಹೀಗೆ ಎಂದು ಪ್ರತಿ ಜಾತಿಗೂ ಒಂದು ಖಾನೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿಂದದ್ದಕ್ಕೆ ಮಾತ್ರ ಆ ಪುಸ್ತಕದಲ್ಲಿ ಖಾನೆ ಇಲ್ಲ. ನನ್ನ ಸಂಶೋಧನೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಪಾವಿಗೆ ಯಾಕೆ ಅಷ್ಟು ಭಯ? ಮಡಿಯ ಲೆಕ್ಕದಲ್ಲಿ ನೀರು ಹಾಕಿ ಬೇಯಿಸಿದ್ದು ಮುಸುರೆ, ಅದನ್ನು ಕಂಡವರ ಕೈಯಿಂದ ತೆಗೆದುಕೊಳ್ಳುವಂತಿಲ್ಲ. ಹಾಲು, ತುಪ್ಪದಲ್ಲಿ ಮಾಡಿದ್ದಕ್ಕೆ ಸ್ವಲ್ಪ ರಿಯಾಯಿತಿ. ಪಾವು ನೀರಲ್ಲಿ ನಾದಿದ್ದು, ಶೇಂದಿಯಿಂದ ಉಬ್ಬಿದ್ದು, ಕ್ರೈಸ್ತನ ಇಲ್ಲವೆ ಮುಸಲ್ಮಾನನ ಭಟ್ಟಿಯಲ್ಲಿ ಬೆಂದದ್ದು. ಒಂದು ತುಂಡು ಪಾವಿನಲ್ಲಿ ಮೂರು ಮೈಲಿಗೆ. ಹಾಗಾಗಿ ಪಾವ್ ತಿಂದವನು ಜಾತಿ ಬಿಟ್ಟವನು ಎಂಬ ನಂಬಿಕೆ ಬೆಳೆಯಿತು.

ಈ ನಂಬಿಕೆಯನ್ನೇ ಆಯುಧ ಮಾಡಿಕೊಂಡವರೂ ಇದ್ದರು. 1849ರಲ್ಲಿ ಮುಂಬೈಯಲ್ಲಿ ದಾದೋಬಾ ಪಾಂಡುರಂಗ ಮೊದಲಾದವರು ಪರಮಹಂಸ ಮಂಡಳಿ ಎಂಬ ಗುಪ್ತ ಸಂಘ ಕಟ್ಟಿದರು. ಅದಕ್ಕೆ ಸೇರುವವನು ಕ್ರೈಸ್ತ ಬೇಕರಿಯವನು ಸುಟ್ಟ ಪಾವ್ ತಿನ್ನಬೇಕಿತ್ತು. ಜಾತಿ ಮುರಿಯುವ ಪ್ರತಿಜ್ಞೆಗೆ ಅದೇ ಸಾಕ್ಷಿ. ಬಾಗಿಲು ಹಾಕಿಕೊಂಡು ತಿಂದರು. 1860ರ ಹೊತ್ತಿಗೆ ಸದಸ್ಯರ ಪಟ್ಟಿ ಕಳವಾಗಿ ಹೆಸರುಗಳು ಹೊರಬೀಳುವ ಭಯ ಹುಟ್ಟಿದಾಗ ಮಂಡಳಿ ಚದುರಿಹೋಯಿತು.

1890ರಲ್ಲಿ ಪುಣೆಯ ಪಂಚಹೌದ ಮಿಶನ್ನಿನ ಸಭೆಯಲ್ಲಿ ಟಿಳಕ, ರಾನಡೆ ಮೊದಲಾದವರ ಮುಂದೆ ಚಹಾ, ಬಿಸ್ಕತ್ತು ಇಟ್ಟರು. ಕೆಲವರು ಸೇವಿಸಿದರು, ಕೆಲವರು ಕೈಗೆ ತೆಗೆದುಕೊಂಡು ಇಟ್ಟರು. ಗೋಪಾಳರಾವ್ ಜೋಶಿ ಎಂಬುವರು ಎಲ್ಲರ ಹೆಸರನ್ನು ಪತ್ರಿಕೆಯಲ್ಲಿ ಬಯಲು ಮಾಡಿದರು. ವಿವಾದ ಶಂಕರಾಚಾರ್ಯ ಪೀಠದವರೆಗೆ ಹೋಯಿತು, ಟಿಳಕರೂ ರಾನಡೆಯವರೂ ಪ್ರಾಯಶ್ಚಿತ್ತದ ದಾರಿ ಹಿಡಿಯಬೇಕಾಯಿತು. ಆಗ ಬೆಳಗಾವಿಯೂ ಪುಣೆಯೂ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು, 1956ರವರೆಗೂ ಹಾಗೇ ಇದ್ದವು. ಸಾಮ್ರಾಜ್ಯದ ಎದುರು ನಿಲ್ಲಬಲ್ಲವರು ಒಂದು ಬಿಸ್ಕತ್ತಿಗೆ ಜವಾಬು ಕೊಡಬೇಕಾಗಿದ್ದ ಕಾಲ ಅದು.

*

ಪಿಜ್ಜಾ ಬಂದಾಗ ಈ ಜಗಳದ ನೆನಪೇ ಯಾರಿಗೂ ಇರಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಪಿಜ್ಜಾ ಹಟ್ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ರೈತಸಂಘದವರು ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಯ ಮೇಲೆ ದಾಳಿ ಮಾಡಿದ್ದರು. ಆಗಿನ ವಾದ ಬಹುರಾಷ್ಟ್ರೀಯ ಕಂಪನಿಗಳು, ನಮ್ಮ ರೈತರ ಹೊಟ್ಟೆಪಾಡು, ದೇಶದ ಸ್ವಾವಲಂಬನೆ. ಹಿಟ್ಟು ಯಾರು ನಾದಿದರು ಎಂದು ಯಾರೂ ಕೇಳಲಿಲ್ಲ. ಸಮವಸ್ತ್ರ ಹಾಕಿ, ಕೈಗವಸು ತೊಟ್ಟು, ಗಾಜಿನ ಹಿಂದೆ ನಿಂತವನಿಗೆ ಜಾತಿ ಇರುವುದಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡೆವು. ಹೋಟೆಲು, ಬೇಕರಿ, ಕಂಪನಿ ನಮಗೆ ಈ ಮರೆವನ್ನು ಕೊಟ್ಟವು. ಅದು ಸಣ್ಣ ಲಾಭವಲ್ಲ.

ಮನೆಯಲ್ಲಿ ಮಾಡುವ ಪಿಜ್ಜಾದಲ್ಲಿ ಆ ಗಾಜು ಇರುವುದಿಲ್ಲ. ಕಳೆದ ಚಳಿಗಾಲದಲ್ಲಿ ನಾನು ಬಾಡಿಗೆಗೆ ಇರುವ ಮನೆಯ ಮಾಳಿಗೆಯ ಮೇಲೆ ನಾವು ಐವರು ಸಂಶೋಧನಾ ವಿದ್ಯಾರ್ಥಿಗಳು ಸೇರಿದ್ದೆವು. ಖಾನಾಪುರದಿಂದ ನನ್ನ ಕಾಕಾ ಸುಟ್ಟು ಕೊಟ್ಟಿದ್ದ ಸಪಾಟು ಮಣ್ಣಿನ ಹಂಚನ್ನು ಜಾಲರಿಯ ಮೇಲೆ ಇಟ್ಟಿದ್ದೆ. ಮಣ್ಣು ನಿಧಾನ ಕಾಯುತ್ತದೆ, ಕಾದರೆ ಕಾವು ಬಿಡುವುದಿಲ್ಲ, ಹಿಟ್ಟಿನ ಹಸಿಯನ್ನೂ ಎಳೆದುಕೊಳ್ಳುತ್ತದೆ. ಅರ್ಧ ಕಿಲೋ ಮೈದಾ, ಮುನ್ನೂರು ಮಿಲಿ ನೀರು, ಉಪ್ಪು, ಯೀಸ್ಟು. ನಾದಿದವನು ನನ್ನ ಗೆಳೆಯ. ಅವನು ದಲಿತ, ಚಿಕ್ಕೋಡಿ ಕಡೆಯವನು. ನಮ್ಮಲ್ಲಿ ಹಿಟ್ಟಿನ ಹದ ಗೊತ್ತಿದ್ದವನು ಅವನೊಬ್ಬನೇ.

ಹೊಗೆಯ ವಾಸನೆಗೆ ಮನೆ ಮಾಲೀಕರ ತಾಯಿ ಮೇಲೆ ಬಂದರು. ಎಂಬತ್ತರ ಹತ್ತಿರದ ಜೀವ. ನಾವು ಕುರ್ಚಿ ಕೊಟ್ಟೆವು. ಅವರು ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ನೋಡುತ್ತ, ‘ಹಿಟ್ಟ ಯಾರು ನಾದೀರಿ?’ ಎಂದು ಕೇಳಿದರು.

‘ನಾನ್ರೀ ಅಜ್ಜಿ,’ ಎಂದ ಗೆಳೆಯ.

‘ಭಾಳ ಚಲೋ ನಾದೀಯಪ್ಪ,’ ಎಂದರು. ಒಂದು ತುಂಡು ತೆಗೆದುಕೊಂಡು, ಹಲ್ಲಿಗೆ ಸಿಗುವಷ್ಟು ಮುರಿದು, ನಮ್ಮ ಎದುರೇ ತಿಂದರು. ನನಗೆ ಆ ಕ್ಷಣ ಇಡೀ ಹತ್ತೊಂಬತ್ತನೆಯ ಶತಮಾನ ಕರಗಿದಂತೆ ಕಂಡಿತು.

ಮುಂದಿನ ತಿಂಗಳು ಅದೇ ಮನೆಯ ಕೆಳಗಿನ ಕೋಣೆ ಖಾಲಿಯಾಯಿತು. ಗೆಳೆಯ ಬಾಡಿಗೆ ಕೇಳಿದ. ‘ನೀವು ಯಾರ ಪೈಕಿ?’ ಎಂದು ಕೇಳಿದರು. ಹೇಳಿದ. ಎರಡು ದಿನ ಬಿಟ್ಟು, ಕೋಣೆಯನ್ನು ನಮ್ಮ ಸಂಬಂಧಿಕರಿಗೇ ಕೊಡುವುದೆಂದು ಗೊತ್ತಾಗಿದೆ ಎಂಬ ಉತ್ತರ ಬಂತು. ಆ ಕೋಣೆಗೆ ಮೂರು ತಿಂಗಳು ಬೀಗವೇ ಇತ್ತು. ಅಜ್ಜಿ ಈಗಲೂ ಅವನು ಬಂದರೆ ‘ಆ ರೊಟ್ಟಿ ಯಾವಾಗ ಮಾಡತೀರಿ?’ ಎಂದು ಕೇಳುತ್ತಾರೆ. ಅವರ ಪ್ರೀತಿ ಸುಳ್ಳಲ್ಲ. ಬೀಗವೂ ಸುಳ್ಳಲ್ಲ.

ಅಂಬೇಡ್ಕರ್ 1936ರಲ್ಲಿ, ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಬರೆದು ಅಲ್ಲಿ ಓದಲಾಗದೆ ಉಳಿದ ‘ಜಾತಿ ವಿನಾಶ’ದ ಭಾಷಣದಲ್ಲಿ ಸಹಭೋಜನದ ಮಿತಿಯನ್ನು ಕುರಿತು ಹೇಳಿದ್ದರು. ಜೊತೆಗೆ ಕೂತು ಉಣ್ಣುವುದರಿಂದ ಜಾತಿಯ ಭಾವನೆ ಸಾಯಲಿಲ್ಲ, ಅಂತರ್ಜಾತಿ ವಿವಾಹವೇ ಮದ್ದು ಎಂಬುದು ಅವರ ವಾದ. ಪರಮಹಂಸ ಮಂಡಳಿಯವರು ಬಾಗಿಲು ಹಾಕಿಕೊಂಡು ಪಾವ್ ತಿಂದರು, ನಾವು ಮಾಳಿಗೆಯ ಮೇಲೆ ಬಯಲಲ್ಲೇ ಪಿಜ್ಜಾ ತಿಂದೆವು. ನೂರೆಪ್ಪತ್ತು ವರ್ಷಗಳಲ್ಲಿ ಅಷ್ಟು ದೂರ ಬಂದಿದ್ದೇವೆ. ಅದನ್ನು ಇಲ್ಲವೆನ್ನಲಾರೆ. ಆದರೆ ಊಟದಲ್ಲಿ ಸಡಿಲವಾದ ಗಂಟು ಮನೆಯಲ್ಲಿ, ಮದುವೆಯಲ್ಲಿ ಇನ್ನೂ ಬಿಗಿಯಾಗಿಯೇ ಇದೆ. ನಾಲಿಗೆ ಬದಲಾಯಿಸಿದಷ್ಟು ಸುಲಭವಾಗಿ ನಾವು ಬೀಗದ ಕೈ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ‘ಪಿಜ್ಜಾ ನಮ್ಮದೇ?’ ಎಂದು ಯಾರಾದರೂ ಕೇಳಿದರೆ ನಾನು ಮಾನಸೋಲ್ಲಾಸ ತೆಗೆದು ತೋರಿಸಲು ಹೋಗುವುದಿಲ್ಲ. ಕೆಂಡದ ಮೇಲಿನ ಗೋಧಿ ಯಾರದೂ ಆಗಬಹುದು. ನನ್ನನ್ನು ಕಾಡುವುದು ಜ್ಞಾನೇಶ್ವರನ ಕಥೆಯ ಕೊನೆ. ವಿಸೋಬಾ ಆ ಮಕ್ಕಳ ಎಂಜಲು ತಿಂದ, ಪರಿವರ್ತನೆಯಾದ, ಮುಂದೆ ನಾಮದೇವನಂಥವನಿಗೆ ಗುರುವಾದ ಎಂದು ಪರಂಪರೆ ಹೇಳುತ್ತದೆ. ಆದರೆ ಮರುದಿನ ಕುಂಬಾರಗೇರಿಯಲ್ಲಿ ಮುಕ್ತಾಬಾಯಿಗೆ ಒಂದು ಗಡಗಿ ಸಿಕ್ಕಿತೇ? ನಾನು ಕೇಳಿದ ಯಾವ ಕೀರ್ತನೆಯಲ್ಲೂ ಅದರ ಮಾತಿಲ್ಲ. ಕುಂಬಾರರ ಮನೆಯವನಾದ ನನಗೆ ಆ ಉತ್ತರ ಬೇಕು.